ಬೆನ್ನಿನ ಬೇನೆಯೂ ನಮ್ಮ ಪ್ರವಾಸ ವಾಙ್ಮಯವೂ

ನಮ್ಮ ಭಾಗದ ವಾಙ್ಮಯದಲ್ಲಿ ಒಂದು ಹೊಸ ಬಗೆಯ ಬರಹವು ಇತ್ತಿತ್ತಲಾಗಿ ಹೇರಳವಾಗಿ ಕಾಣಿಸಿಕೊಳ್ಳಹತ್ತಿದೆ. ಅದಕ್ಕೆ ಇನ್ನೂ ಹೆಸರು ಬಿದ್ದಿಲ್ಲ. ಆತ್ಮಚರಿತ್ರೆಗಳ ಕಡೆಯ ಪ್ರಕರಣಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ನಿವೃತ್ತ ಶಿಕ್ಷಕರ ನೆನಪಿನ ಹೊತ್ತಗೆಗಳಲ್ಲಿ, ಒಮ್ಮೊಮ್ಮೆ ಇಂಥ ಮಾಸಪತ್ರಿಕೆಗಳ ಪುಟಗಳಲ್ಲಿಯೂ ಅದು ದೊರೆಯುವದು. ಲೇಖಕನಿಗೆ ಬೆನ್ನು ಹಿಡಿಯುತ್ತದೆ. ಊರಿನ ಎಣ್ಣೆ, ಕಾವು, ತಾಲೂಕಿನ ಸೂಜಿಮದ್ದು ಎಲ್ಲ ತೀರಿದ ಮೇಲೆ ಆತನನ್ನು ಮಿರಜಿಗೋ ಸೊಲ್ಲಾಪುರಕ್ಕೋ ಪುಣೆಗೋ, ಈಗೀಗ ದೂರದ ಕೊಯಮತ್ತೂರಿಗೋ ಒಯ್ಯುತ್ತಾರೆ. ಅಲ್ಲಿ ಬೆನ್ನೆಲುಬಿನ ತಜ್ಞನೊಬ್ಬನು ನೋಡುತ್ತಾನೆ. ಲೇಖಕನು ನೆಟ್ಟಗೆ ನಡೆದು ಮನೆಗೆ ಬರುತ್ತಾನೆ. ವಾಚಕರು ಇಂಥದೊಂದು ಬರಹವನ್ನಾದರೂ ಓದದೆ ಇರಲಾರರು. ಇದನ್ನು ಸಾಹಿತ್ಯವೆಂದು ತೂಗಿ ನೋಡುವ ಕೆಲಸ ಮಾತ್ರ ನಡೆದಂತಿಲ್ಲ. ರೋಗಿಯ ಅನುಭವವನ್ನು ವಿಮರ್ಶಿಸುವದು ನಿರ್ದಯವೆಂದು ಎಲ್ಲರೂ ಸುಮ್ಮನಾಗುವರು. ಆದರೆ ಈ ಬರಹವು ಬರಿಯ ವಿನೋದಕ್ಕಾಗಿ ಓದಲ್ಪಡುವದಿಲ್ಲ. ಇದನ್ನೋದಿ ಮನೆಯ ಹಿರಿಯರು ಕೂಡಿ ಕುಳಿತು, ಹೊಲದ ಒಂದು ಪಾಲನ್ನು ಒತ್ತೆಯಿಡಬೇಕೋ ಬೇಡವೋ ಎಂದು ನಿರ್ಧರಿಸುವದುಂಟು. ಅಂಥ ಬರಹವು ನಿಜವನ್ನು ಎಷ್ಟರ ಮಟ್ಟಿಗೆ ಹೇಳುತ್ತದೆಂದು ಕೇಳುವದು ವಿಮರ್ಶಕನ ಅಧಿಕಾರದೊಳಗಿನ ಮಾತೇ ಸರಿ.

ಮೊದಲು ಈ ಪ್ರವಾಸದ ದಾರಿಯನ್ನು ನೋಡೋಣ. ಬೀಳಗಿ ತಾಲೂಕಿನ ಬಾಡಗಂಡಿ, ಅದರ ಆಚೀಚೆಗಿರುವ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಇವೆಲ್ಲ ಬೆನ್ನನ್ನು ಸವೆಯಿಸಿಯೇ ಬದುಕುವ ಊರುಗಳು. ಕುಣಿಮಗ್ಗದ ನೇಕಾರನು ಕಾಲುಗಳನ್ನು ಕುಣಿಯಲ್ಲಿಳಿಸಿ ಮುಂದಕ್ಕೆ ಬಾಗಿ ಹೊತ್ತುಗಟ್ಟಲೆ ಕೂಡ್ರುವನು. ಕಬ್ಬು ಕಡಿಯುವವರು ಬುಡಕ್ಕೆ ಕೊಡಲಿ ಹಾಕಲು ದಿನವೆಲ್ಲ ನಡ ಬಗ್ಗಿಸಬೇಕು. ಆಮೇಲೆ ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆ ಏರಬೇಕು. ಬೀಸುವ ಕಲ್ಲು ಮೂಲೆಗೆ ಸೇರಿದ್ದರೂ ನೀರಿನ ಕೊಡ ಸೇರಿಲ್ಲ. ಇಂಥಲ್ಲಿ ಬೆನ್ನುಬೇನೆ ಹೊಸದಲ್ಲ. ಅದಕ್ಕಾಗಿ ಕೃಷ್ಣೆಯನ್ನು ದಾಟಿ ಮಿರಜಿನತ್ತ ನಡೆಯುವದೂ ಹೊಸದಲ್ಲ.

ಕೆನಡಾ ದೇಶದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ವೈದ್ಯನು ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ 1889 ರಲ್ಲಿ ಈ ದೇಶಕ್ಕೆ ಬಂದು, 1894 ರಲ್ಲಿ ಮಿರಜದಲ್ಲಿ ದವಾಖಾನೆಯನ್ನು ತೆರೆದನು. ಶಸ್ತ್ರಕ್ರಿಯೆಯಲ್ಲಿ ಆತನ ಕೈಗುಣ ಎಷ್ಟು ಪ್ರಸಿದ್ಧವಾಯಿತೆಂದರೆ, ನಮ್ಮ ಸೀಮೆಯಲ್ಲಿ ‘ಮಿರಜಿಗೆ ಒಯ್ದರು’ ಎಂಬ ಮಾತಿಗೆ ‘ಬೇನೆ ಕೈಮೀರಿತು’ ಎಂಬ ಅರ್ಥವೇ ಬಂದು ನಿಂತಿತು. ಆಗ ಜಮಖಂಡಿಯೂ ಮಿರಜವೂ ಪಟವರ್ಧನ ಮನೆತನದ ಶಾಖೆಗಳ ಸಂಸ್ಥಾನಗಳು, ಮುಧೋಳವು ಘೋರ್ಪಡೆಯವರದು, ಬೀಳಗಿಯ ಸೀಮೆ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟ ರೋಗಿಯು ಎರಡು ಮೂರು ರಾಜರ ಗಡಿಗಳನ್ನು ದಾಟುತ್ತಿದ್ದನಾದರೂ ಪರದೇಶಕ್ಕೆ ಹೋದೆನೆಂದು ಆತನಿಗೆ ಅನಿಸುತ್ತಿರಲಿಲ್ಲ. 1948 ರಲ್ಲಿ ಸಂಸ್ಥಾನಗಳು ವಿಲೀನವಾಗಿ ಎಲ್ಲವೂ ಒಂದೇ ಮುಂಬಯಿ ಪ್ರಾಂತವಾಯಿತು. 1956 ರ ನವೆಂಬರ 1 ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಮಿರಜ ಅಲ್ಲಿಯೇ ಉಳಿದು 1960 ರ ಮೇ 1 ರಿಂದ ಮಹಾರಾಷ್ಟ್ರದ್ದಾಯಿತು. ದಾರಿ ಅದೇ, ಧೂಳು ಅದೇ, ದವಾಖಾನೆ ಅದೇ; ಆದರೆ ರೋಗಿಯು ಮಾತ್ರ ಒಂದು ಬೆಳಗಿನಲ್ಲಿ ಪರರಾಜ್ಯಕ್ಕೆ ಹೋಗುವವನಾದನು. ಏಕೀಕರಣದ ಸಂತೋಷವನ್ನು ಹಾಡಿದ ಕವಿಗಳಿಗೆ ಇದು ಕಾಣಿಸಬೇಕಾಗಿತ್ತೆಂದು ನಾವು ದೂರುವದಿಲ್ಲ. ಆದರೆ ಚಿಕಿತ್ಸೆಯ ಪ್ರವಾಸವನ್ನು ಬರೆದವರಿಗಾದರೂ ಕಾಣಿಸಬಹುದಾಗಿತ್ತು. ಇವರ ಬರಹಗಳಲ್ಲಿ ಗಡಿಯು ಒಂದು ಕಮಾನು, ಒಂದು ಫಲಕ ಅಷ್ಟೆ. ಗಡಿಯಾಚೆ ಕಾಗದಗಳು ಬೇರೆ, ಸರಕಾರದ ಸಹಾಯದ ನಿಯಮಗಳು ಬೇರೆ, ಎಲ್ಲಕ್ಕಿಂತ ಮಿಗಿಲಾಗಿ ನೋವನ್ನು ಹೇಳಿಕೊಳ್ಳುವ ಭಾಷೆ ಬೇರೆ ಎಂಬದು ಅವರ ಲೆಕ್ಕಕ್ಕೆ ಬಂದಿಲ್ಲ.

ಈ ಭಾಷೆಯ ಸಂಗತಿಯಲ್ಲಿ ತುಸು ನಿಲ್ಲಬೇಕು. ಬೆನ್ನಿನ ರೋಗಿಯು ತಜ್ಞನ ಮುಂದೆ ಕುಳಿತಾಗ ಅರ್ಧ ಪರೀಕ್ಷೆ ಮಾತಿನಿಂದಲೇ ನಡೆಯುವದು. ನೋವು ಟೊಂಕದಲ್ಲಿಯೇ ನಿಲ್ಲುವದೋ ಕಾಲಿಗೆ ಇಳಿಯುವದೋ, ಇಳಿದರೆ ತೊಡೆಯವರೆಗೋ ಹಿಮ್ಮಡಿಯವರೆಗೋ, ಅದು ಸೆಳೆತವೋ ಚಳಕೋ ಉರಿಯೋ ಜೋಮೋ ಎಂಬ ಭೇದಗಳಿಂದ ಯಾವ ನರವು ಎಲ್ಲಿ ಒತ್ತಲ್ಪಟ್ಟಿದೆಯೆಂದು ವೈದ್ಯನು ಊಹಿಸುವನು. ನಮ್ಮ ಆಡುಮಾತಿನಲ್ಲಿ ಈ ಭೇದಗಳಿಗೆಲ್ಲ ಬೇರೆ ಬೇರೆ ಶಬ್ದಗಳಿವೆ; ಹೊಲದಲ್ಲಿ ದುಡಿಯುವ ಮುದುಕಿಯು ಅವುಗಳನ್ನು ತಪ್ಪಿಲ್ಲದೆ ಬಳಸುವಳು. ಸುಶಿಕ್ಷಿತ ಲೇಖಕನ ಲೇಖನಿಗೆ ಬಂದಾಗ ಅವೆಲ್ಲ ಮಾಯವಾಗಿ ‘ಅಸಹನೀಯ ವೇದನೆ’ ಎಂಬ ಒಂದು ಸಂಸ್ಕೃತದ ಕಂಬಳಿಯೊಳಗೆ ಮುಚ್ಚಿಹೋಗುವವು. ಗಡಿಯಾಚೆ ಮರಾಠಿಯಲ್ಲಿ ಹೇಳುವಾಗಲಂತೂ ಇನ್ನೊಂದು ಸೋಸುವಿಕೆ ನಡೆಯುವದು. ಮಿರಜದಲ್ಲಿ ಕನ್ನಡ ಬಲ್ಲವರಿಗೆ ಕೊರತೆಯಿಲ್ಲವೆಂಬದು ನಿಜ. ಪುಣೆಯಲ್ಲಿ, ಕೊಯಮತ್ತೂರಿನಲ್ಲಿ ಆ ಆಸರೆಯೂ ಇಲ್ಲ.

ಹೀಗೆ ಸೋಸಿ ಬಂದ ಶಬ್ದಗಳಲ್ಲಿ ಒಂದು ತೀರ ವಿಚಿತ್ರವಾದುದು. ‘ಮಣಕಿನಲ್ಲಿ ಗ್ಯಾಪ್ ಆಗಿದೆ’ ಎಂದು ನಮ್ಮಲ್ಲಿ ಮನೆಮನೆಗೂ ಹೇಳುವರು. ಅನೇಕ ಲೇಖಕರು ಇದನ್ನೇ ರೋಗದ ಹೆಸರೆಂಬಂತೆ ಬರೆದಿರುವರು. ಮಣಕು ಎಂಬದು ಮರಾಠಿಯಿಂದ ಬಂದ ಶಬ್ದ. ಬೆನ್ನೆಲುಬಿನ ಒಂದೊಂದು ಮಣಿಗೆ ಆ ಹೆಸರು. ಎರಡು ಮಣಿಗಳ ನಡುವೆ ಮೆತ್ತನೆಯ ಗಾದಿಯೊಂದು ಇರುವದು. ವಯಸ್ಸಾದಂತೆ, ಭಾರ ಹೊತ್ತಂತೆ, ಆ ಗಾದಿಯ ನೀರಿನಂಶ ಆರಿ ಅದು ತೆಳುವಾಗುವದು. ಆಗ ಕ್ಷಕಿರಣದ ಪಟದಲ್ಲಿ ಮಣಿಗಳ ನಡುವಿನ ತೆರಪು ಕಡಿಮೆಯಾಗಿ ಕಾಣುವದು. ಅಂದರೆ ಆದದ್ದು ತೆರಪಲ್ಲ, ತೆರಪಿನ ನಾಶ! ತೆರಪು ಕಡಿಮೆಯಾಗಿದೆಯೆಂದು ವೈದ್ಯನು ಹೇಳಿದ ಮಾತು ಬಹುಶಃ ಬಾಗಿಲು ದಾಟುವಷ್ಟರಲ್ಲಿ ತಲೆಕೆಳಗಾಗಿ, ಎಲುಬುಗಳು ಒಂದರಿಂದೊಂದು ಕಳಚಿ ದೂರ ಸರಿದಿವೆ ಎಂಬ ಭೀಕರ ಚಿತ್ರವಾಗಿ ಊರಿಗೆ ಬಂದಿರಬೇಕು. ಈ ಚಿತ್ರವನ್ನು ನಂಬಿದವನು ಬಗ್ಗಲು ಅಂಜುವನು, ನಡೆಯಲು ಅಂಜುವನು, ಹಾಸಿಗೆಯನ್ನೇ ಹಿಡಿಯುವನು. ಲೇಖಕನೊಬ್ಬನು ಒಂದು ಶಬ್ದವನ್ನು ಪರೀಕ್ಷಿಸದೆ ಎತ್ತಿಕೊಂಡರೆ ಆಗುವ ಕೇಡು ಇಷ್ಟು.

1937 ರಲ್ಲಿ ಜಮಖಂಡಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ಕೂಡಿದಾಗ ಅಧ್ಯಕ್ಷರಾಗಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಕಾವ್ಯಗಳನ್ನು ಸಂಪಾದಿಸಿದ ಆ ಪಂಡಿತರೇ 1918 ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ತೆಗೆದು, ಶಾಸ್ತ್ರದ ಮಾತನ್ನು ಕನ್ನಡದಲ್ಲಿ ಆಡಲು ಹೊರಟವರು. ಶಾಸ್ತ್ರದ ಬರಹವನ್ನೂ ಕಾವ್ಯವನ್ನೂ ಒಂದೇ ಕೈಯಿಂದ ತಿದ್ದಿದ ಅಂಥವರನ್ನು ಕರೆದು ಪೀಠದಲ್ಲಿ ಕುಳ್ಳಿರಿಸಿದ ಊರಿನ ಸುತ್ತಲೂ ಇಂದು ‘ಗ್ಯಾಪ್’ ಎಂಬ ಶಬ್ದವು ಆಳುತ್ತಿದೆ. ಅಷ್ಟೇಕೆ, ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು, ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ‘ಖಗೇಂದ್ರಮಣಿದರ್ಪಣ’ವೆಂಬ ಕಾವ್ಯವನ್ನಾಗಿ ಮಾಡಿದನು. ಕನ್ನಡಕ್ಕೆ ವೈದ್ಯದ ಮಾತು ಒಗ್ಗದು ಎಂಬ ನೆವ ನಮಗೆ ಇಲ್ಲ.

ಇನ್ನು ಈ ಬರಹಗಳ ಕಟ್ಟಡಕ್ಕೆ ಬರೋಣ. ಇವುಗಳ ಅಚ್ಚು ತೀರ್ಥಯಾತ್ರೆಯದು. ಸಂಕಟ, ಸಂಕಲ್ಪ, ದುರ್ಗಮವಾದ ದಾರಿ, ಸರದಿಯಲ್ಲಿ ನಿಲ್ಲುವದು, ದರ್ಶನ, ಪ್ರಸಾದ, ಮರಳಿ ಬರುವದು. ತಜ್ಞನು ‘ಸಾಕ್ಷಾತ್ ಧನ್ವಂತರಿ’ಯಾಗದೆ ಬಿಡುವದಿಲ್ಲ. ಕೃತಜ್ಞತೆಯು ದೊಡ್ಡ ಗುಣ. ಅದನ್ನು ನಾವು ಹಳಿಯುವದಿಲ್ಲ. ಆದರೆ ತೀರ್ಥಯಾತ್ರೆಯ ಅಚ್ಚಿನಲ್ಲಿ ಹುಯ್ದಾಗ ಕೆಲವು ಸಂಗತಿಗಳು ಹೊರಗೆ ಚೆಲ್ಲಿಹೋಗುವವು. ರೋಗದ ನಿಜವಾದ ಹೆಸರು ಚೆಲ್ಲಿಹೋಗುವದು. ತಜ್ಞನು ಶಸ್ತ್ರ ಬೇಡವೆಂದ ಪ್ರಸಂಗವು ಚೆಲ್ಲಿಹೋಗುವದು, ಏಕೆಂದರೆ ಬರಿಗೈಯಿಂದ ಮರಳಿದವನು ಯಾತ್ರೆಯ ಕಥೆಯನ್ನು ಬರೆಯುವದಿಲ್ಲ. ಒಂದು ವರ್ಷದ ಮೇಲೆ ಏನಾಯಿತೆಂಬದಂತೂ ಎಲ್ಲಿಯೂ ಇಲ್ಲ.

ಇದರ ಪರಿಣಾಮ ಸಣ್ಣದಲ್ಲ. ಬೆನ್ನಿನ ಗಾದಿಯು ಉಬ್ಬಿ ಹೊರಬಂದು ಕಾಲಿನ ನರವನ್ನು ಒತ್ತುವದೇ ಸೆಳೆತಕ್ಕೆ ಕಾರಣವೆಂದು ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934 ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಅಲ್ಲಿಂದ ಮುಂದೆ ಶಸ್ತ್ರಕ್ರಿಯೆಯ ಯುಗವೇ ಹುಟ್ಟಿತು. ಆದರೆ ಇಂಥ ನೋವು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಶಸ್ತ್ರವಿಲ್ಲದೆಯೇ ಇಳಿಯುವದೆಂದು ಈಗ ವೈದ್ಯರೆಲ್ಲ ಬಲ್ಲರು. ಹಾಗಾದರೆ ಮೂರನೆಯ ತಿಂಗಳಿಗೆ ಪುಣೆಗೆ ಹೋಗಿ ಗುಣ ಕಂಡ ಲೇಖಕನಿಗೆ ಗುಣ ಕೊಟ್ಟದ್ದು ಪುಣೆಯೋ ಮೂರನೆಯ ತಿಂಗಳೋ? ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡ ಬರಹ ನಮ್ಮ ಕಣ್ಣಿಗೆ ಬಿದ್ದಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಮೂತ್ರ ಕಟ್ಟಿದರೆ, ಕೂಡ್ರುವ ಜಾಗದಲ್ಲಿ ಸ್ಪರ್ಶ ಹೋದರೆ, ಪಾದ ಎತ್ತಲು ಬಾರದಿದ್ದರೆ ಆಗ ದಿನಗಳನ್ನಲ್ಲ, ತಾಸುಗಳನ್ನು ಎಣಿಸಬೇಕು. ಹೆಸರಾದ ತಜ್ಞನ ಸರದಿಗಾಗಿ ಕಾಯುವದು ಅಪಾಯ. ಹತ್ತಿರದ ದೊಡ್ಡ ಆಸ್ಪತ್ರೆಯೇ ಆಗ ಕಾಶಿ. ಬೆನ್ನೆಲುಬಿನ ಕ್ಷಯವನ್ನಂತೂ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು 1779 ರಲ್ಲಿಯೇ ವರ್ಣಿಸಿದ್ದನು. ಒಂದು ಕಾಲಕ್ಕೆ ಇದರ ರೋಗಿಗಳನ್ನು ತಿಂಗಳುಗಟ್ಟಲೆ ಗಚ್ಚಿನ ಕವಚದಲ್ಲಿ ಮಲಗಿಸುತ್ತಿದ್ದರು. ಔಷಧಗಳು ಬಂದ ಮೇಲೆ, ಕಾಶಿಯ ವೈದ್ಯ ತೂಲಿಯವರು 1975 ರಲ್ಲಿ ‘ನಡುದಾರಿ’ಯೊಂದನ್ನು ಪ್ರಕಟಿಸಿದರು: ಮೊದಲು ಗುಳಿಗೆ, ಅದರಿಂದಾಗದ ಕಡೆಗೆ ಮಾತ್ರ ಶಸ್ತ್ರ. ಆ ಗುಳಿಗೆಗಳು ಇಂದು ಸರಕಾರದ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ದೊರೆಯುವವು. ಯಾತ್ರೆಯ ಅಚ್ಚಿನ ಬರಹದಲ್ಲಿ ಪುಕ್ಕಟೆ ಗುಳಿಗೆಗೆ ಸ್ಥಾನವಿಲ್ಲ, ಅದು ಕಥೆಯಾಗುವದಿಲ್ಲ.

ಪವಾಡದ ಅಚ್ಚು ನಮಗೆ ಹಳೆಯದು. ಭಾಗವತದಲ್ಲಿ ಮಥುರೆಯ ಬೀದಿಯಲ್ಲಿ ಗಂಧ ಹಿಡಿದು ಬಂದ ಕುಬ್ಜೆಯ ಪಾದಗಳನ್ನು ಶ್ರೀಕೃಷ್ಣನು ತನ್ನ ಪಾದದಿಂದ ಒತ್ತಿಹಿಡಿದು, ಗಲ್ಲಕ್ಕೆ ಎರಡು ಬೆರಳು ಹಚ್ಚಿ ಮೇಲಕ್ಕೆತ್ತಿದೊಡನೆ ಅವಳ ಮೂರು ಕಡೆಯ ಡೊಂಕು ನೆಟ್ಟಗಾಯಿತು. ತೂಕ ಕಟ್ಟಿ ಎಳೆಯುವ ಇಂದಿನ ಚಿಕಿತ್ಸೆಯನ್ನು ಕಂಡವರಿಗೆ ಈ ವರ್ಣನೆಯ ಸೂಕ್ಷ್ಮವು ಮೆಚ್ಚಿಕೆಯಾಗದಿರದು. ತಮಿಳುನಾಡಿನ ಶೈವಕಥೆಗಳಲ್ಲಿ ಗೂನುಬೆನ್ನಿನ ಪಾಂಡ್ಯರಾಜನನ್ನು ಜ್ಞಾನಸಂಬಂಧರು ನೆಟ್ಟಗೆ ನಿಲ್ಲಿಸಿದರು. ದೇವರೂ ಶರಣರೂ ಮಾಡಿದ್ದನ್ನು ಅವರ ಕಥೆಗೆ ಬಿಡೋಣ. ನಮ್ಮ ಲೇಖಕರು ಅದನ್ನೇ ವೈದ್ಯನ ಮೇಲೆ ಹೊರಿಸಿದರೆ ವೈದ್ಯನಿಗೂ ಅನ್ಯಾಯ, ಗುಣವಾಗದ ರೋಗಿಗೂ ಅನ್ಯಾಯ. ಅವನಲ್ಲಿ ಭಕ್ತಿ ಸಾಲದಾಯಿತೆಂಬ ಧ್ವನಿ ಹೊರಡುವದು.

ಇದಕ್ಕಿಂತ ಬೇರೆ ಅಚ್ಚು ನಮ್ಮಲ್ಲಿಲ್ಲವೇ? ಇದೆ, ಅದೂ ಮನೆಯಂಗಳದಲ್ಲಿಯೇ ಇದೆ. ಮಹಾಭಾರತದಲ್ಲಿ ಭೀಷ್ಮನು ಶರಶಯ್ಯೆಯ ಮೇಲೆ ಬಿದ್ದಾಗ ದುರ್ಯೋಧನನು ಬಾಣ ಕೀಳುವದರಲ್ಲಿ ನಿಪುಣರಾದ ವೈದ್ಯರನ್ನು ಕರೆತರುವನು. ಭೀಷ್ಮನು ಅವರಿಗೆ ಸನ್ಮಾನದಿಂದ ದ್ರವ್ಯ ಕೊಡಿಸಿ, ತನಗೆ ಚಿಕಿತ್ಸೆ ಬೇಡವೆಂದು ಕಳಿಸಿಬಿಡುವನು. ಆತನು ಕೇಳಿದ್ದು ತಲೆಗೊಂದು ಆಸರೆಯನ್ನು. ಅರಸರು ಮೆತ್ತನೆಯ ದಿಂಬುಗಳನ್ನು ತಂದರು. ಆತನಿಗೆ ಬೇಕಾದದ್ದು ಅದಲ್ಲ. ಅರ್ಜುನನು ಮೂರು ಬಾಣಗಳನ್ನು ನೆಟ್ಟು ತಲೆಗೆ ಒಪ್ಪುವ ಎತ್ತರ ಮಾಡಿಕೊಟ್ಟನು. ಬೆನ್ನು ಹಿಡಿದು ಮಲಗಿದ್ದವರನ್ನು ಕೇಳಿ ನೋಡಿರಿ. ದಿಂಬಿನ ಎತ್ತರವು ಎಂಥ ದೊಡ್ಡ ವಿಷಯವೆಂಬದನ್ನು ಹೇಳುವರು. ಸಾವಿರಾರು ವರ್ಷಗಳ ಹಿಂದಿನ ಕವಿಯು ಅದನ್ನು ಬಲ್ಲನು. ನಮ್ಮ ಲೇಖಕರಲ್ಲಿ ದಿಂಬಿನ ಮಾತೆತ್ತಿದವರು ವಿರಳ.

ಈ ಭೀಷ್ಮನನ್ನು ಕಾಣಲು ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ದುರ್ಯೋಧನನ ಚಿತ್ರವನ್ನು ಕನ್ನಡದಲ್ಲಿ ಬರೆದವನು ಘಟಪ್ರಭೆಯ ತೀರದ ಮುಧೋಳದವನು. ರನ್ನನ ‘ಗದಾಯುದ್ಧ’ದಲ್ಲಿ ಕೌರವನು ಒಬ್ಬನೇ ಹೋಗುವದಿಲ್ಲ, ಜೊತೆಗೆ ಸಂಜಯನಿರುವನು. ಬಲ್ಲವರು ಈ ಭಾಗವನ್ನು ವೀರಕ್ಕಾಗಿ, ಕರುಣಕ್ಕಾಗಿ ಹೊಗಳಿರುವರು. ನಾವು ಸಂಜಯನನ್ನು ನೆನೆಯುತ್ತೇವೆ. ಸೋತವನ ಪಕ್ಕದಲ್ಲಿ ನಡೆಯುವವನು, ಮಾತಿಗೆ ಮಾತು ಕೊಡುವವನು, ದಾರಿಯನ್ನು ನೋಡುವವನು. ಚಿಕಿತ್ಸೆಯ ಪ್ರವಾಸದಲ್ಲಿ ಇಂಥವನೊಬ್ಬನು ಇದ್ದೇ ಇರುವನು: ಕೆಲಸಕ್ಕೆ ರಜೆ ಹಾಕಿದ ಮಗ, ದವಾಖಾನೆಯ ಪಡಸಾಲೆಯಲ್ಲಿ ಪತ್ರಿಕೆ ಹಾಸಿ ಮಲಗುವ ಅಳಿಯ, ಚೀಟಿ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುವ ತಮ್ಮ. ನಮ್ಮ ಬರಹಗಳಲ್ಲಿ ಅವನು ‘ಮನೆಯವರು’ ಎಂಬ ಒಂದು ಶಬ್ದದೊಳಗೆ ಅಡಗಿಹೋಗುವನು. ರನ್ನನೂ ಹೊರನಾಡಿಗೆ ಹೋದವನೇ ಎಂಬದು ಇಲ್ಲಿ ನೆನಪಾಗುವದು. ಬಳೆಗಾರರ ಮನೆಯ ಈ ಹುಡುಗನು ವಿದ್ಯೆಗಾಗಿ ದೂರದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು, ಚಾವುಂಡರಾಯನ ಆಶ್ರಯ ಪಡೆದನು. ತನ್ನ ನಾಡಿನಲ್ಲಿ ಸಿಗದುದನ್ನು ಅರಸಿ ಹೋದವನು ಮರಳಿ ಬಂದು ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಕಾವ್ಯದಲ್ಲಿ ಆತನು ತನ್ನ ಊರು ಯಾವ ನದಿಗಳ ನಡುವೆ ಇದೆಯೆಂಬದನ್ನು ಮರೆಯದೆ ಹೇಳಿಕೊಂಡಿರುವನು.

ಗುಣವಾಗದ ಬೆನ್ನಿನ ಕಥೆಯನ್ನು ಹೇಳಬಹುದೆಂಬದಕ್ಕೆ ಹತ್ತಿರದ ಒಂದು ನಿದರ್ಶನವುಂಟು. ಮಲೆಯಾಳ ದೇಶದಲ್ಲಿ ಹುಟ್ಟಿ ವೆಲ್ಲೂರಿನ ಕ್ರಿಶ್ಚನ್ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯೆಯಾಗಿದ್ದ ಮೇರಿ ವರ್ಗೀಸ್ ಎಂಬವರು 1954 ರಲ್ಲಿ ಮೋಟಾರಿನ ಅಪಘಾತಕ್ಕೆ ಸಿಕ್ಕರು. ಬೆನ್ನುಹುರಿ ಪೆಟ್ಟಾಗಿ ಕಾಲುಗಳು ಹೋದವು, ಮರಳಿ ಬರಲಿಲ್ಲ. ಗಾಲಿಯ ಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳ ಶಸ್ತ್ರಕ್ರಿಯೆ ಮಾಡಿದರು. ಹೊರದೇಶಗಳಲ್ಲಿ ಕಲಿತು ಬಂದು, ಅಂಗಹೀನರು ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಶಾಸ್ತ್ರವನ್ನು ವೆಲ್ಲೂರಿನಲ್ಲಿ ನೆಲೆಗೊಳಿಸಿದರು. 1966 ರಲ್ಲಿ ಅದಕ್ಕಾಗಿಯೇ ಅಲ್ಲಿ ಒಂದು ಸಂಸ್ಥೆ ತೆರೆಯಿತು. ಡೊರೊಥಿ ಕ್ಲಾರ್ಕ್ ವಿಲ್ಸನ್ ಎಂಬ ಅಮೇರಿಕನ್ ಲೇಖಕಿಯು 1963 ರಲ್ಲಿ ‘ಟೇಕ್ ಮೈ ಹ್ಯಾಂಡ್ಸ್’ ಎಂಬ ಹೆಸರಿನಿಂದ ಇವರ ಚರಿತ್ರೆಯನ್ನು ಬರೆದಳು. ಭಕ್ತಿಯ ರಂಗು ಅದರಲ್ಲಿ ನಮ್ಮ ರುಚಿಗೆ ತುಸು ಹೆಚ್ಚು. ಆದರೂ ಕೊನೆಯ ಪುಟಕ್ಕೆ ರೋಗಿಯು ಎದ್ದು ನಡೆಯಲೇಬೇಕೆಂಬ ಕಟ್ಟಳೆಯನ್ನು ಅದು ಮುರಿದಿದೆ. ನಮ್ಮ ಅಭಿನಂದನ ಗ್ರಂಥಗಳ ಸಂಪಾದಕರು ಅಷ್ಟನ್ನಾದರೂ ಅದರಿಂದ ಎತ್ತಿಕೊಳ್ಳಬಹುದು.

ಆ ಪುಸ್ತಕದ ನಾಯಿಕೆ ಒಬ್ಬ ಹೆಂಗಸು. ನಮ್ಮ ಸೀಮೆಯ ಈ ಬರಹಗಳಲ್ಲಿಯೋ ರೋಗಿಯು ಹೆಚ್ಚಾಗಿ ಗಂಡಸೇ. ಗಂಡಸಿನ ಬೆನ್ನು ಮಿರಜಿಗೆ ಹೋಗುವದು, ಹೆಂಗಸಿನ ಬೆನ್ನು ಎಣ್ಣೆಯ ಬಟ್ಟಲಿಗೆ ಹೋಗುವದು. 1931 ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ಗಳನ್ನು ಅಚ್ಚು ಹಾಕಿಸಿದಾಗ ವಿದ್ವಾಂಸರು ಅವುಗಳ ರಸವನ್ನು ಕಂಡು ಬೆರಗಾದರು, ಆ ತ್ರಿಪದಿಗಳು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ, ನಸುಕಿನಲ್ಲಿ, ಬಾಗಿದ ನಡದಿಂದ. ತವರಿನ ಹಾದಿಯನ್ನು ಅಷ್ಟು ಚೆನ್ನಾಗಿ ಹಾಡಿದ ಹೆಣ್ಣುಮಕ್ಕಳ ಮೊಮ್ಮಕ್ಕಳು ಈಗ ಓದುಬರಹ ಬಲ್ಲವರು, ಮನೆಯಲ್ಲಿ ಈ ಪತ್ರಿಕೆಯನ್ನು ಮೊದಲು ಬಿಡಿಸುವವರು. ಅವರಲ್ಲಿ ಬೆನ್ನುಬೇನೆಯಿಲ್ಲದವರು ಕಡಿಮೆ. ಅದನ್ನು ಬರೆದು ಕಳಿಸಿದವರು ಅದಕ್ಕಿಂತ ಕಡಿಮೆ.

ಈಗ ಬಾಡಗಂಡಿಯಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಎದ್ದಿರುವವು. 2023 ರಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಗಡಿ ದಾಟಿ ಮಿರಜಿಗೆ ಹೋಗುವದಾದರೆ ಹಣ ಕೊಡಬೇಕು. ಮುಧೋಳದ ಕಡೆಯ ಹಳ್ಳಿಯಿಂದ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊರಟವಳು ಎಲುಬಿನ ವೈದ್ಯನಿಗೆ ಬೆನ್ನು ತೋರಿಸಿ ಸಂಜೆಯ ನೀರಿಗೆ ಮನೆ ಸೇರಬಹುದು. ಅಂಥ ಒಂದು ದಿನದ ಬರಹ, ಧನ್ವಂತರಿಯಿಲ್ಲದ್ದು, ಗಡಿಯ ಕಮಾನಿಲ್ಲದ್ದು, ನೋವು ಟೊಂಕದಿಂದ ಯಾವ ಕಾಲಿಗೆ ಇಳಿಯಿತು, ವೈದ್ಯನು ಏನು ಕೇಳಿದನು, ಏನು ಬೇಡವೆಂದನು ಎಂಬಷ್ಟನ್ನೇ ಹೇಳುವಂಥದು, ನಮ್ಮ ಭಾಗದಿಂದ ಬಂದುದನ್ನು ನಾವಿನ್ನೂ ಓದಿಲ್ಲ.